‘ಸಿನ್ಸ್’ ಪದವನ್ನು ಎಲ್ಲಿ, ಹೇಗೆ ಬಳಸಬೇಕು?

ಇಂಗ್ಲಿಷ್‌ನ ‘ಸಿನ್ಸ್’ ಪದ ಕನ್ನಡ ಮಾತೃಭಾಷೆಯವರಿಗೆ ತೊಡಕಾಗುವುದು ನಮ್ಮ ‘ಇಂದ’ ಪ್ರತ್ಯಯದಿಂದಾಗಿ. ‘2019ರಿಂದ ಇಲ್ಲಿದ್ದೇನೆ’ ಎನ್ನುವಾಗಲೂ ‘ಎರಡು ವರ್ಷದಿಂದ ಇಲ್ಲಿದ್ದೇನೆ’ ಎನ್ನುವಾಗಲೂ ನಮಗೆ ಆ ಒಂದೇ ಪ್ರತ್ಯಯ ಸಾಕು. ಇಂಗ್ಲಿಷ್‌ನಲ್ಲಿ ಹಾಗಲ್ಲ. ಕೆಲಸ ಶುರುವಾದ ಗಳಿಗೆಯನ್ನು ಹೇಳುವಾಗ ‘ಸಿನ್ಸ್’ ಬರುತ್ತದೆ, ಕಳೆದ ಕಾಲದ ಅಳತೆಯನ್ನು ಹೇಳುವಾಗ ‘ಫಾರ್’ ಬರುತ್ತದೆ.

ಆದ್ದರಿಂದ ವಾಕ್ಯ ಬರೆಯುವ ಮುನ್ನ, ಹೇಳಹೊರಟಿರುವುದು ‘ಯಾವಾಗ ಶುರುವಾಯಿತು?’ ಎಂಬುದಕ್ಕೆ ಉತ್ತರವೋ, ‘ಎಷ್ಟು ಕಾಲವಾಯಿತು?’ ಎಂಬುದಕ್ಕೆ ಉತ್ತರವೋ ಎಂದು ಕೇಳಿಕೊಳ್ಳಿ. ಸೋಮವಾರ, ಬೆಳಿಗ್ಗೆ, ಬಾಲ್ಯ, 2019 ಇವೆಲ್ಲ ಮೊದಲನೆಯದಕ್ಕೆ ಉತ್ತರವಾದ್ದರಿಂದ ‘ಸಿನ್ಸ್ ಮಂಡೇ’, ‘ಸಿನ್ಸ್ ಚೈಲ್ಡ್‌ಹುಡ್’ ಸರಿ. ಮೂರು ಗಂಟೆಯ ಹೊತ್ತು, ಎರಡು ವರ್ಷ, ಬಹಳ ಕಾಲ ಇವು ಎರಡನೆಯದಕ್ಕೆ ಸೇರುತ್ತವೆ. ಇವಕ್ಕೆ ‘ಫಾರ್’ ಬೇಕು. ಬಹಳ ಮಂದಿ ಬರೆಯುವ ‘ಸಿನ್ಸ್ ಲಾಂಗ್’ ತಪ್ಪು, ‘ಫಾರ್ ಎ ಲಾಂಗ್ ಟೈಮ್’ ಸರಿ.

ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಾಕ್ಯವನ್ನು ಗಮನಿಸಿ: ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟು ಇಯರ್ಸ್.’ ಇದರಲ್ಲಿ ಎರಡು ತಪ್ಪುಗಳಿವೆ. ‘ಸಿನ್ಸ್’ ಇರುವಲ್ಲಿ ‘ಫಾರ್’ ಬರಬೇಕೆಂಬುದು ಒಂದು. ಕ್ರಿಯಾಪದದ್ದು ಇನ್ನೊಂದು: ಹಿಂದೆ ಶುರುವಾಗಿ ಈಗಲೂ ನಡೆದಿರುವ ಕೆಲಸಕ್ಕೆ ಕನ್ನಡದಲ್ಲಿ ‘ಮಾಡುತ್ತಿದ್ದೇನೆ’ ಎಂಬ ವರ್ತಮಾನ ಸಾಕಾದರೂ ಇಂಗ್ಲಿಷ್ ‘ಹ್ಯಾವ್ ಬೀನ್ ವರ್ಕಿಂಗ್’ ಎಂಬ ರೂಪವನ್ನು ಕೇಳುತ್ತದೆ. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟು ಇಯರ್ಸ್’ ಎಂದೋ, ‘ಸಿನ್ಸ್ 2019’ ಎಂದೋ ಬರೆದರೆ ವಾಕ್ಯ ನೆಟ್ಟಗಾಗುತ್ತದೆ. ನನ್ನ ಮಟ್ಟಿಗೆ ಇವೆರಡರಲ್ಲಿ ಇಸವಿ ಹಾಕುವುದೇ ಮೇಲು. ಅರ್ಜಿಯನ್ನು ಯಾವಾಗ ಓದಿದರೂ ಅದು ನಿಜವಾಗಿಯೇ ಉಳಿಯುತ್ತದೆ.

‘ಸಿನ್ಸ್’ ಮುಂದೆ ಇಡೀ ಉಪವಾಕ್ಯವೂ ಬರಬಹುದು. ‘ಇಟ್ ಈಸ್ ಟು ಇಯರ್ಸ್ ಸಿನ್ಸ್ ಹಿ ಲೆಫ್ಟ್’ ಎಂದರೆ ‘ಅವನು ಹೋಗಿ ಎರಡು ವರ್ಷವಾಯಿತು’. ಇಲ್ಲಿ ಅಳತೆ ‘ಸಿನ್ಸ್’ಗಿಂತ ಮೊದಲೇ ಬಂದಿದೆ, ‘ಸಿನ್ಸ್’ ತೋರಿಸುವುದು ಅವನು ಹೋದ ಗಳಿಗೆಯನ್ನೇ. ಹಾಗಾಗಿ ನಿಯಮ ಮುರಿದಿಲ್ಲ. ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ನಿಂತಾಗ ಅದಕ್ಕೆ ‘ಆಮೇಲೆ ಇದುವರೆಗೆ’ ಎಂಬ ಅರ್ಥ.

‘ಸಿನ್ಸ್’ಗೆ ಕಾರಣ ಹೇಳುವ ಅರ್ಥವೂ ಇದೆ. ಕೇಳುವವರಿಗೆ ಆಗಲೇ ಗೊತ್ತಿರುವ ಸಂಗತಿಯನ್ನು ಆಧಾರವಾಗಿಟ್ಟು ಮಾತು ಮುಂದುವರಿಸುವಾಗ ಅದು ಚೆನ್ನಾಗಿ ಹೊಂದುತ್ತದೆ: ‘ಸಿನ್ಸ್ ಯು ಆರ್ ಹಿಯರ್, ಲೆಟ್ ಅಸ್ ಬಿಗಿನ್’, ಅಂದರೆ ‘ಹೇಗೂ ಬಂದಿದ್ದೀರಲ್ಲ, ಶುರು ಮಾಡೋಣ’. ಆದರೆ ‘ಏಕೆ?’ ಎಂದು ನೇರವಾಗಿ ಕೇಳಿದ ಪ್ರಶ್ನೆಗೆ ‘ಬಿಕಾಸ್’ ಎಂದೇ ಉತ್ತರಿಸಬೇಕು.

ಕಾಲ ಮತ್ತು ಕಾರಣ ಎರಡೂ ಒಂದೇ ಪದದಲ್ಲಿರುವುದರಿಂದ ಕೆಲವೊಮ್ಮೆ ಅರ್ಥ ಕಲಸಿಹೋಗುತ್ತದೆ. ‘ಸಿನ್ಸ್ ಶಿ ಲೆಫ್ಟ್, ಐ ಹ್ಯಾವ್ ಹ್ಯಾಡ್ ಮೋರ್ ವರ್ಕ್’ ಎಂದರೆ ‘ಅವಳು ಹೋದಾಗಿನಿಂದ’ ಎಂದೂ ಆಗುತ್ತದೆ, ‘ಅವಳು ಹೋದದ್ದರಿಂದ’ ಎಂದೂ ಆಗುತ್ತದೆ. ಬರೆಯುವಾಗ ಕಾಲದ ಅರ್ಥಕ್ಕೆ ‘ಎವರ್ ಸಿನ್ಸ್’, ಕಾರಣದ ಅರ್ಥಕ್ಕೆ ‘ಬಿಕಾಸ್’ ಹಾಕಿದರೆ ಓದುವವರು ತಡವರಿಸುವುದಿಲ್ಲ.