ಮಗು ಅಜ್ಜಿ ಮನೆಯಲ್ಲಿದ್ದಾಗ ಆಸ್ಪತ್ರೆಯಲ್ಲಿ ಸಹಿ ಯಾರದು?

ಮಗುವನ್ನು ಅಜ್ಜ ಅಜ್ಜಿಯ ಹತ್ತಿರ ಬಿಡುವಾಗ ಬಟ್ಟೆ, ಪುಸ್ತಕ, ಔಷಧಿ ಡಬ್ಬಿ ಎಲ್ಲ ಕಟ್ಟಿಕೊಡುತ್ತೇವೆ. ಆಸ್ಪತ್ರೆಯಲ್ಲಿ ಸಹಿ ಹಾಕುವ ಅಧಿಕಾರವನ್ನು ಮಾತ್ರ ಬಾಯಿಮಾತಿನಲ್ಲಿ ಬಿಟ್ಟು ಬರುತ್ತೇವೆ. ಜ್ವರ, ಕೆಮ್ಮಿಗೆ ಅದು ಸಾಕು. ಮಗುವನ್ನು ದಾಖಲಿಸಬೇಕು, ಅರಿವಳಿಕೆ ಕೊಟ್ಟು ಮುರಿದ ಕೈ ಕೂರಿಸಬೇಕು ಎಂದಾದರೆ ಕೌಂಟರಿನಲ್ಲಿ ಮೊದಲು ಕೇಳುವುದೇ ‘ತಂದೆ ತಾಯಿ ಎಲ್ಲಿ?’ ಎಂದು. ನಾವಿಬ್ಬರೂ ಬೆಂಗಳೂರಿನಲ್ಲಿ, ಮಗು ಸಾಗರದ ಹತ್ತಿರ ನನ್ನ ಅಪ್ಪ ಅಮ್ಮನ ಜೊತೆ. ಮಳೆಗಾಲದಲ್ಲಿ ಅಲ್ಲಿ ಕರೆಂಟಿನ ಜೊತೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಹಾಗಾಗಿ ‘ಫೋನ್ ಮಾಡಿದರಾಯಿತು’ ಎಂಬ ವ್ಯವಸ್ಥೆಯನ್ನು ನಂಬಿ ಕೂರುವ ಹಾಗಿರಲಿಲ್ಲ. ನಾವು ಏನೇನು ಕಾಗದ ಮಾಡಿಟ್ಟೆವು, ಯಾಕೆ ಹಾಗೆ ಮಾಡಿದೆವು ಎನ್ನುವುದನ್ನು ಬರೆಯುತ್ತಿದ್ದೇನೆ.

ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಅಜ್ಜ ಅಜ್ಜಿಗೆಂದೇ ನಿಗದಿಯಾದ ಸರ್ಕಾರಿ ಫಾರಂ ನಮ್ಮಲ್ಲಿಲ್ಲ. ಹಳೆಯ ಐಪಿಸಿಯ 89ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಂ ಆಗಿದೆ. ಅದು 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಕೊಡುತ್ತದೆ. ಅದಕ್ಕೆ ಬೇಕಾಗಿರುವುದು ಪೋಷಕರ ಒಪ್ಪಿಗೆ, ಇಲ್ಲವೇ ಮಗುವಿನ ಉಸ್ತುವಾರಿಯನ್ನು ಕಾನೂನುಬದ್ಧವಾಗಿ ಹೊತ್ತ ಬೇರೆಯವರ ಒಪ್ಪಿಗೆ. ಈ ‘ಬೇರೆಯವರು’ ಎನ್ನುವ ಜಾಗದಲ್ಲೇ ಅಜ್ಜ ಅಜ್ಜಿ ನಿಲ್ಲುವುದು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯೂ ಮಗುವಿನ ಆರೈಕೆ ನೋಡಿಕೊಳ್ಳುವವರನ್ನು ‘ಗಾರ್ಡಿಯನ್’ ಎಂದೇ ವ್ಯಾಖ್ಯಾನಿಸುತ್ತದೆ. ಪ್ರಾಣಾಪಾಯವಿದ್ದು, ಒಪ್ಪಿಗೆ ಕೊಡಬೇಕಾದವರು ಸಕಾಲಕ್ಕೆ ಸಿಗದಿದ್ದರೆ ಒಪ್ಪಿಗೆಯಿಲ್ಲದೆಯೂ ಚಿಕಿತ್ಸೆ ಕೊಡಬಹುದು ಎನ್ನುತ್ತದೆ ನ್ಯಾಯ ಸಂಹಿತೆಯ 30ನೇ ಕಲಂ. ತುರ್ತು ಚಿಕಿತ್ಸೆಯನ್ನು ಯಾವ ಆಸ್ಪತ್ರೆಯೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿಯಾಗಿದೆ. ಅಂದರೆ ತೀರಾ ಗಂಭೀರವಾದದ್ದಕ್ಕೆ ಕಾಗದ ಬೇಡ, ಸಣ್ಣಪುಟ್ಟದ್ದಕ್ಕೂ ಬೇಡ. ತೊಡಕಾಗುವುದು ನಡುವಿನವುಗಳಲ್ಲಿ: ಮೂಳೆ ಮುರಿತ, ಅಪೆಂಡಿಕ್ಸ್, ಡೆಂಗಿಗೆ ದಾಖಲಾತಿ, ಮೂಗಿನಲ್ಲಿ ಸಿಕ್ಕಿಕೊಂಡ ಹುಣಸೆ ಬೀಜ.

ಹೆಚ್ಚಿನವರು ‘ಯಾವುದೇ ಚಿಕಿತ್ಸೆಗೆ ನಮ್ಮ ಸಂಪೂರ್ಣ ಒಪ್ಪಿಗೆ ಇದೆ’ ಎಂದು ಎರಡು ಸಾಲು ಬರೆದು ಸಹಿ ಹಾಕಿ ಕೊಡುತ್ತಾರೆ. ಅಂಥ ಪತ್ರಕ್ಕೆ ಬೆಲೆ ಕಡಿಮೆ. ಒಪ್ಪಿಗೆ ನಿರ್ದಿಷ್ಟವಾಗಿರಬೇಕು, ಏನು ಮಾಡುತ್ತಾರೆ, ಅಪಾಯವೇನು, ಬೇರೆ ದಾರಿ ಇದೆಯೇ ಎಂದು ತಿಳಿದು ಕೊಟ್ಟದ್ದಾಗಿರಬೇಕು; ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಸಲ್ಲುವುದಿಲ್ಲ. ಇದನ್ನೇ ಹೇಳಿದ ಸುಪ್ರೀಂ ಕೋರ್ಟಿನ 2008ರ ಸಮೀರಾ ಕೊಹ್ಲಿ ತೀರ್ಪಿನ ನಂತರ ಆಸ್ಪತ್ರೆಗಳು ಈ ವಿಷಯದಲ್ಲಿ ಬಹಳ ಹುಷಾರಾಗಿವೆ. ಇನ್ನೂ ಬಾರದ ಕಾಯಿಲೆಗೆ ಬೆಂಗಳೂರಿನಲ್ಲಿ ಕೂತು ಮುಂಗಡ ಒಪ್ಪಿಗೆ ಕೊಡುವುದು ಸಾಧ್ಯವೇ ಇಲ್ಲ. ಆ ಹೊತ್ತಿಗೆ ಡಾಕ್ಟರ ಮಾತು ಕೇಳಿ ತೀರ್ಮಾನಿಸುವ ಅಧಿಕಾರ ಯಾರಿಗಿದೆ ಎಂಬುದನ್ನಷ್ಟೇ ಪತ್ರ ಹೇಳಬೇಕು. ಪ್ರತಿ ಚಿಕಿತ್ಸೆಯ ಕನ್ಸೆಂಟ್ ಫಾರಂಗೆ ಅಜ್ಜಿ ಆಗ, ಅಲ್ಲೇ ಸಹಿ ಹಾಕುತ್ತಾರೆ.

ನಮ್ಮ ಪತ್ರದ ಮುಖ್ಯ ಭಾಗ ಇಷ್ಟು: ‘ಇಂಥ ದಿನ ಹುಟ್ಟಿದ ಇಂಥ ಮಗುವಿನ ತಂದೆ ತಾಯಿಯಾದ ನಾವು, ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಮಗುವನ್ನು ಅದರ ತಾಯಿಯ ತಂದೆ ಇಂಥವರು ಮತ್ತು ತಾಯಿಯ ತಾಯಿ ಇಂಥವರ ವಶದಲ್ಲಿ, ಅವರ ಉಸ್ತುವಾರಿಯಲ್ಲಿ ಬಿಟ್ಟಿದ್ದೇವೆ. ಈ ಅವಧಿಯಲ್ಲಿ ಮಗುವಿನ ಚಿಕಿತ್ಸೆಗೆ ನಮ್ಮ ಪರವಾಗಿ ಒಪ್ಪಿಗೆ ಕೊಡಲು, ಆಸ್ಪತ್ರೆಗೆ ದಾಖಲಿಸಲು, ಬೇರೆ ಆಸ್ಪತ್ರೆಗೆ ಸಾಗಿಸಲು, ವೈದ್ಯಕೀಯ ಮಾಹಿತಿ ಮತ್ತು ದಾಖಲೆಗಳನ್ನು ಪಡೆಯಲು ಇವರಿಬ್ಬರಲ್ಲಿ ಯಾರೇ ಒಬ್ಬರಿಗೂ ಅಧಿಕಾರವಿದೆ. ಒಬ್ಬರ ಸಹಿ ಸಾಕು.’

ಆ ಕೊನೆಯ ವಾಕ್ಯವನ್ನು ಬಿಡಬೇಡಿ. ‘ಅಜ್ಜ ಮತ್ತು ಅಜ್ಜಿ’ ಎಂದಷ್ಟೇ ಇದ್ದರೆ ಇಬ್ಬರ ಸಹಿಯನ್ನೂ ಕೇಳುವವರಿದ್ದಾರೆ. ಅಜ್ಜ ತೋಟದಲ್ಲೋ ಸೊಸೈಟಿಯಲ್ಲೋ ಇದ್ದಾಗ ಕೆಲಸ ಅಲ್ಲೇ ನಿಲ್ಲುತ್ತದೆ. ಮಾಹಿತಿ ಪಡೆಯುವ ಅಧಿಕಾರವನ್ನೂ ಬೇರೆಯಾಗಿಯೇ ಬರೆಯಬೇಕು. ಇಲ್ಲದಿದ್ದರೆ ಸಹಿ ಒಪ್ಪಿಕೊಂಡ ಆಸ್ಪತ್ರೆಯೇ ರಿಪೋರ್ಟ್ ಕೊಡಲು ತಂದೆ ತಾಯಿಯನ್ನು ಕೇಳುತ್ತದೆ.

ಇದರ ಕೆಳಗೆ ಅಧಿಕಾರವನ್ನು ಹಂತ ಮಾಡಿ ಬರೆದೆವು. ತಪಾಸಣೆ, ರಕ್ತ ಪರೀಕ್ಷೆ, ಎಕ್ಸ್‌ರೇ, ನೆಬ್ಯುಲೈಸೇಶನ್, ಡ್ರಿಪ್, ಜಾಗ ಮರಗಟ್ಟಿಸಿ ಹಾಕುವ ಹೊಲಿಗೆ, ಟಿಟಿ ಮತ್ತು ರೇಬಿಸ್ ಚುಚ್ಚುಮದ್ದು, ವಾರ್ಡಿಗೆ ದಾಖಲಾತಿ ಇವಕ್ಕೆ ನಮ್ಮನ್ನು ಕೇಳಬೇಕಾಗಿಲ್ಲ. ಪೂರ್ಣ ಅರಿವಳಿಕೆ, ಶಸ್ತ್ರಚಿಕಿತ್ಸೆ, ರಕ್ತ ಕೊಡುವುದು, ಬೆನ್ನುಹುರಿಯ ನೀರು ತೆಗೆಯುವುದು ಇವಕ್ಕೆ ಮೊದಲು ನಮಗೆ ಫೋನ್. ನಮ್ಮಿಬ್ಬರಿಗೂ, ಆಮೇಲೆ ಮಗುವಿನ ಸೋದರಮಾವನಿಗೂ ಮಾಡಿ, 15 ನಿಮಿಷದಲ್ಲಿ ಯಾರೂ ಸಿಗದಿದ್ದರೆ ಡಾಕ್ಟರ ಸಲಹೆಯಂತೆ ಅಜ್ಜ ಅಜ್ಜಿಯೇ ತೀರ್ಮಾನಿಸಬಹುದು. ಡಾಕ್ಟರು ತುರ್ತು ಎಂದರೆ ಆ 15 ನಿಮಿಷವೂ ಬೇಡ. ಈ ಸಾಲು ಇಲ್ಲದಿದ್ದರೆ ‘ಫೋನ್ ಮಾಡಿ’ ಎನ್ನುವ ಷರತ್ತೇ ಮಗುವಿಗೆ ಅಡ್ಡಿಯಾಗುತ್ತದೆ. ಹಾವು ಕಚ್ಚಿದ ಮಗುವಿಗೆ ವಿಷನಿರೋಧಕ ಕೊಡಲು ಬೆಂಗಳೂರಿನಲ್ಲಿ ಯಾರ ಮೀಟಿಂಗೋ ಮುಗಿಯಲಿ ಎಂದು ಕಾಯುವಂತಾಗಬಾರದು.

ಅಜ್ಜ ಅಜ್ಜಿ ಮಾಡಬಾರದ್ದೂ ಎರಡಿವೆ. ಕಾಯಬಹುದಾದ ಆಪರೇಷನ್ನಿಗೆ, ಉದಾಹರಣೆಗೆ ಮೂಗಿನ ಹಿಂಭಾಗದ ಅಡೆನಾಯ್ಡ್ ಗ್ರಂಥಿ ತೆಗೆಸುವುದಕ್ಕೆ, ಒಪ್ಪಿಗೆ ಕೊಡುವ ಹಾಗಿಲ್ಲ. ಡಾಕ್ಟರ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್ ಮಾಡಿಸಿಕೊಳ್ಳುವ ಹಾಗಿಲ್ಲ. ಎರಡನೆಯದನ್ನು ಅಪ್ಪ ಅಮ್ಮನೊಂದಿಗೆ ಕೂತು ಮಾತಾಡಿಯೇ ಬರೆದದ್ದು. ಕಾಮಾಲೆ ಎಂದರೆ ಆಸ್ಪತ್ರೆಯಿಂದ ಬಿಡಿಸಿಕೊಂಡು ನಾಟಿ ಔಷಧಿ ಕೊಡುವವರ ಮನೆಗೆ ಹೊರಡುವ ರೂಢಿ ನಮ್ಮ ಕಡೆ ಇನ್ನೂ ಇದೆ. ಕಾಗದದಲ್ಲಿ ಇದ್ದರೆ ಅಜ್ಜಿಗೂ ಒಂದು ಅನುಕೂಲ: ನೆಂಟರು ಒತ್ತಾಯ ಮಾಡಿದಾಗ ‘ಮಗಳು ಬರೆದುಕೊಟ್ಟಿದ್ದಾಳೆ’ ಎಂದು ತಪ್ಪಿಸಿಕೊಳ್ಳಬಹುದು.

ಪತ್ರ ಎರಡು ಭಾಷೆಯಲ್ಲಿರಲಿ. ಕನ್ನಡ ಅಜ್ಜಿಗೆ, ಇಂಗ್ಲಿಷ್ ಖಾಸಗಿ ಆಸ್ಪತ್ರೆಯ ಕೌಂಟರಿಗೆ ಮತ್ತು ವಿಮೆಯವರಿಗೆ. ಎರಡೂ ಒಂದೇ ಹಾಳೆಯ ಎರಡು ಬದಿಗೆ ಬಂದರೆ ಒಳ್ಳೆಯದು, ಬೇರೆ ಬೇರೆ ಹಾಳೆಯಾದರೆ ಒಂದು ಕಳೆದುಹೋಗುತ್ತದೆ. ಮಗುವಿನದೂ ಅಜ್ಜ ಅಜ್ಜಿಯದೂ ಫೋಟೊ ಅಂಟಿಸಿ, ಅದರ ಮೇಲೆ ಹಾಯುವಂತೆ ನಮ್ಮ ಸಹಿ ಹಾಕಿದೆವು. ತಂದೆ ತಾಯಿ ಇಬ್ಬರೂ ಸಹಿ ಹಾಕಬೇಕು. ಬೇರೆಯಾಗಿರುವ ದಂಪತಿಗಳಾದರೆ ಮಗು ಯಾರ ವಶದಲ್ಲಿದೆ ಎನ್ನುವ ಕೋರ್ಟ್ ಆದೇಶದ ನಕಲನ್ನು ಜೊತೆಗಿಡಬೇಕು. ಸಾಕ್ಷಿಗೆ ಅಜ್ಜ ಅಜ್ಜಿ ಬೇಡ, ಹೊರಗಿನ ಇಬ್ಬರು ಇರಲಿ.

ನೋಟರಿ ಬೇಕೇ? ಬಿಳಿ ಹಾಳೆಯ ಪತ್ರವೂ ಪತ್ರವೇ. ಆದರೆ ರಾತ್ರಿ ಪಾಳಿಯ ಸಿಬ್ಬಂದಿಗೆ ಸೀಲು ಕಂಡರೆ ಧೈರ್ಯ ಬರುತ್ತದೆ, ಅದಕ್ಕಾಗಿ ಮಾಡಿಸಿದೆವು. ಅದಕ್ಕೆ ಇ-ಸ್ಟಾಂಪ್ (ಛಾಪಾ ಕಾಗದ) ತೆಗೆಸುವಾಗ ಮೊದಲ ಪಕ್ಷ, ಎರಡನೇ ಪಕ್ಷ ಎಂದು ಹೆಸರು ಕೇಳುತ್ತಾರೆ. ಮೊದಲನೆಯದು ನಾವು, ಎರಡನೆಯದು ಅಜ್ಜ ಅಜ್ಜಿ. ಅಲ್ಲಿ ಕೊಡುವ ಹೆಸರು ಆಧಾರ್‌ನಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಇರಬೇಕು. ಮನೆಯಲ್ಲಿ ಸರಸ್ವತಮ್ಮ, ಆಧಾರ್‌ನಲ್ಲಿ ಸರಸ್ವತಿ ಎಂದಿದ್ದರೆ ಕೌಂಟರಿನಲ್ಲಿ ಇಬ್ಬರಾಗುತ್ತಾರೆ. ನೋಟರಿ ಎದುರಿಗೇ ಸಹಿ ಹಾಕಿ, ಅವರ ರಿಜಿಸ್ಟರಿನ ಕ್ರಮಸಂಖ್ಯೆ ಪತ್ರದ ಮೇಲೆ ಬಂದಿದೆಯೇ ನೋಡಿಕೊಳ್ಳಿ. ಮೂಲ ಪ್ರತಿ ಎರಡು ಮಾಡಿಸಿದರೆ ಒಂದು ಅಜ್ಜಿಯ ಹತ್ತಿರ, ಇನ್ನೊಂದು ನಮ್ಮಲ್ಲಿ ಇರುತ್ತದೆ.

ತಾಯಿಯ ಕಡೆಯ ಅಜ್ಜ ಅಜ್ಜಿಗೆ ಇನ್ನೊಂದು ಸಮಸ್ಯೆ ಇದೆ. ಮಗುವಿನ ಹೆಸರಿನ ಮುಂದಿರುವುದು ಅಪ್ಪನ ಕಡೆಯ ಇನಿಶಿಯಲ್, ಮಗುವಿಗೂ ಇವರಿಗೂ ಇರುವ ನಂಟು ಯಾವ ಒಂದು ದಾಖಲೆಯಲ್ಲೂ ಕಾಣುವುದಿಲ್ಲ. ಅದಕ್ಕೆ ಎರಡು ಕಾಗದ ಜೋಡಿಸಬೇಕು: ತಾಯಿಯ ಹೆಸರಿರುವ ಮಗುವಿನ ಜನನ ಪ್ರಮಾಣಪತ್ರ, ತಾಯಿಯ ತಂದೆಯ ಹೆಸರಿರುವ ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಪಾಸ್‌ಪೋರ್ಟ್. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದೆಯೇ ಎಂದೂ ನೋಡಿ. ನಾಮಕರಣಕ್ಕೆ ಮುಂಚೆ ನೋಂದಾಯಿಸಿದ್ದರೆ ಹಾಗಿರುತ್ತದೆ. ಮೊದಲು ಹೆಸರು ಸೇರಿಸಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ, ನೋಟರಿ ಸೀಲಿಗಿಂತ ಹೆಚ್ಚು ಪ್ರಯೋಜನಕ್ಕೆ ಬರುವುದು ಮುಂಚಿತವಾಗಿ ಮಾಡಿಸುವ ನೋಂದಣಿ ಎಂದು ನನ್ನ ಅಭಿಪ್ರಾಯ. ಊರಿನ ಮಕ್ಕಳ ಡಾಕ್ಟರ ಕ್ಲಿನಿಕ್ಕಿಗೂ ಶಿವಮೊಗ್ಗದಲ್ಲಿ ನಾವು ಆರಿಸಿಕೊಂಡ ಆಸ್ಪತ್ರೆಗೂ ಮಗು ಆರೋಗ್ಯವಾಗಿದ್ದಾಗಲೇ ನನ್ನ ಅಮ್ಮನ ಜೊತೆ ಹೋಗಿ ಬಂದೆವು. ಮಗುವಿನ ಹೆಸರಲ್ಲಿ ರಿಜಿಸ್ಟರ್ ಮಾಡಿಸಿ, ಯುಎಚ್‌ಐಡಿ (ಆಸ್ಪತ್ರೆ ಪ್ರತಿ ರೋಗಿಗೂ ಕೊಡುವ ಗುರುತಿನ) ಸಂಖ್ಯೆ ಪಡೆದು, ಪತ್ರದ ನಕಲನ್ನು ಫೈಲಿಗೆ ಸೇರಿಸಿ, ಪೋಷಕರ ಜಾಗದಲ್ಲಿ ನನ್ನ ಅಮ್ಮನ ಹೆಸರು, ನಂಬರನ್ನೂ ಬರೆಸಿದೆವು. ತಮ್ಮದೇ ಫಾರಂ ಇದೆ, ಅದನ್ನೂ ತುಂಬಿ ಎನ್ನುವ ಆಸ್ಪತ್ರೆಗಳಿವೆ. ಹಗಲು ಹೊತ್ತಿನಲ್ಲಿ ಕೇಳಿದರೆ ಇದು ಗೊತ್ತಾಗುತ್ತದೆ, ರಾತ್ರಿ ಎರಡು ಗಂಟೆಗೆ ಗೊತ್ತಾಗಿ ಪ್ರಯೋಜನವಿಲ್ಲ.

ಫೋನ್ ಸಿಕ್ಕಾಗಲೂ ಕ್ರಮ ಬೇಕು. ಡಾಕ್ಟರು ಸ್ಪೀಕರಿನಲ್ಲಿಟ್ಟು ವಿವರಿಸಬೇಕು, ಆಸ್ಪತ್ರೆಯ ಇಬ್ಬರು ಕೇಳಿಸಿಕೊಳ್ಳಬೇಕು, ಸಮಯ ಮತ್ತು ನಂಬರಿನ ಸಮೇತ ಕೇಸ್ ಶೀಟಿನಲ್ಲಿ ಬರೆಯಬೇಕು. ಹೀಗೇ ಮಾಡಿ ಎಂದು ನಾವೇ ಕೇಳಿಕೊಳ್ಳಬಹುದು. ವೀಡಿಯೊ ಕರೆಯಾದರೆ ನಮ್ಮ ಗುರುತಿನ ಚೀಟಿಯನ್ನು ಕ್ಯಾಮೆರಾಗೆ ಹಿಡಿಯುತ್ತೇವೆ. ನಮ್ಮ ಬೆಂಗಳೂರಿನ ಮಕ್ಕಳ ಡಾಕ್ಟರನ್ನು ಅಜ್ಜಿ ಫೋನಿನಲ್ಲಿ ಕೇಳುವುದಕ್ಕೂ ತೊಂದರೆಯಿಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಮಗುವಿನ ಜೊತೆ ವಯಸ್ಕರೊಬ್ಬರಿದ್ದು, ಅವರು ಯಾರೆಂದು ಖಚಿತವಾದರೆ ಸಾಕು.

ಸಹಿಯ ವಿಷಯದಲ್ಲಿ ಅಮ್ಮನಿಗೆ ಹೇಳಿಕೊಟ್ಟದ್ದು ಕೆಲವೇ ಮಾತು. ಖಾಲಿ ಫಾರಂಗೆ ಸಹಿ ಬೇಡ. ಚಿಕಿತ್ಸೆಯ ಹೆಸರು, ಎಡವೋ ಬಲವೋ ಎಂಬುದನ್ನು ಬರೆದ ಮೇಲೆಯೇ ಸಹಿ. ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಬಹುದು. ಸಂಬಂಧ ಎನ್ನುವ ಜಾಗದಲ್ಲಿ ‘ತಾಯಿಯ ತಾಯಿ, ಅಧಿಕಾರ ಪತ್ರದ ಮೇರೆಗೆ’ ಎಂದು ಬರೆಯಬೇಕು. ಸಹಿಯ ಪಕ್ಕ ಗಂಟೆ ಮತ್ತು ದಿನಾಂಕ. ದಾಖಲಾತಿಯ ಫಾರಂ, ಆಪರೇಷನ್ ಫಾರಂ, ಅರಿವಳಿಕೆ ಫಾರಂ, ರಕ್ತದ ಫಾರಂ ಬೇರೆ ಬೇರೆ ಇರುತ್ತವೆ. ಹತ್ತು ಕಡೆ ಸಹಿ ಕೇಳಿದರೆಂದು ಗಾಬರಿಯಾಗಬೇಕಿಲ್ಲ.

ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ‘ಮೆಡಿಕೋ ಲೀಗಲ್ ಕೇಸ್’ ಬಗ್ಗೆಯೂ ಮೊದಲೇ ಹೇಳಿಟ್ಟೆವು. ಬಿದ್ದ ಗಾಯ, ಸುಟ್ಟ ಗಾಯ, ವಿಷ, ಹಾವು, ವಾಹನ ಅಪಘಾತ ಎಂದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸಬಹುದು. ಅದು ದಾಖಲೆಗಾಗಿ, ಅಜ್ಜಿಯ ಮೇಲಿನ ದೂರಲ್ಲ. ಆ ಹೆದರಿಕೆಗೆ ಆದದ್ದನ್ನು ಮರೆಮಾಚಿದರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ಪತ್ರದ ಹಿಂದೆ ಮಗುವಿನ ಆರೋಗ್ಯದ ಒಂದು ಹಾಳೆ ಇದೆ. ಅದರಲ್ಲಿ ತೂಕ ಮತ್ತು ತೂಗಿದ ದಿನಾಂಕ, ಯಾವ ಔಷಧಿ ಅಲರ್ಜಿ ಮತ್ತು ಆಗ ಏನಾಯಿತು, ಜ್ವರದಲ್ಲಿ ಸೆಳೆತ ಬಂದದ್ದಿದೆಯೇ, ಹಿಂದೆ ಅರಿವಳಿಕೆ ಕೊಟ್ಟದ್ದಿದೆಯೇ, ತಾಯಿ ಕಾರ್ಡಿನ ಲಸಿಕೆ ಪುಟದ ನಕಲು ಎಲ್ಲ ಇವೆ. ರಕ್ತದ ಗುಂಪನ್ನು ಲ್ಯಾಬ್ ರಿಪೋರ್ಟ್ ಇದ್ದರೆ ಮಾತ್ರ ಬರೆಯಿರಿ. ಪ್ಯಾರಸಿಟಮಾಲ್ ಅಳತೆಯನ್ನು ನಮ್ಮ ಡಾಕ್ಟರಿಂದಲೇ ಮಿಲಿಲೀಟರಿನಲ್ಲಿ ಬರೆಸಿದೆವು, ಯಾಕೆಂದರೆ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 15 ಮಿಲಿಗ್ರಾಂ ಲೆಕ್ಕದಲ್ಲಿ 12 ಕಿಲೋ ಮಗುವಿಗೆ 180 ಮಿಲಿಗ್ರಾಂ. 5 ಮಿಲಿಗೆ 120 ಮಿಲಿಗ್ರಾಂ ಇರುವ ಸಿರಪ್ಪಾದರೆ 7.5 ಮಿಲಿ, 250 ಇರುವುದಾದರೆ 3.6 ಮಿಲಿ, 1 ಮಿಲಿಗೆ 100 ಇರುವ ಡ್ರಾಪ್ಸಾದರೆ 1.8 ಮಿಲಿ. ಡ್ರಾಪ್ಸನ್ನು ಸಿರಪ್ಪಿನ ಮುಚ್ಚಳದಲ್ಲಿ 7.5 ಮಿಲಿ ಅಳೆದು ಕೊಟ್ಟರೆ ನಾಲ್ಕು ಪಟ್ಟು ಹೋಗುತ್ತದೆ. ಎರಡು ಡೋಸಿನ ನಡುವೆ ಕನಿಷ್ಠ 4ರಿಂದ 6 ಗಂಟೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಅಜ್ಜನ ಮೈಕೈ ನೋವಿಗೆ ತಂದ ನಿಮೆಸುಲೈಡ್ ಮಗುವಿಗೆ ಕೂಡದು. 12 ವರ್ಷದೊಳಗಿನವರಿಗೆ ಅದನ್ನು ಕೊಡುವುದಕ್ಕೆ 2011ರಿಂದಲೇ ನಿಷೇಧವಿದೆ. ಓಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿಲಿಗೆ. ದೊಡ್ಡದನ್ನು ಒಂದು ಲೋಟಕ್ಕೆ ಕಲಸಿದರೆ ಮಗುವಿಗೆ ಉಪ್ಪು ಅತಿಯಾಗುತ್ತದೆ.

ಹಣದ ಏರ್ಪಾಟು ಕಾಗದದಷ್ಟೇ ಮುಖ್ಯ. ವಿಮೆಯ ಇ-ಕಾರ್ಡಿನಲ್ಲಿ ಮಗುವಿನ ಹೆಸರಿದೆಯೇ ನೋಡಿ, ಅದರ ಪ್ರಿಂಟ್ ತೆಗೆದಿಡಿ. ಕ್ಯಾಶ್‌ಲೆಸ್ (ವಿಮಾ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕೊಡುವ) ಅರ್ಜಿಗೆ ಪಾಲಿಸಿದಾರರ ಆಧಾರ್, ಪ್ಯಾನ್ ನಕಲು ಕೇಳುತ್ತಾರೆ, ಅದೂ ಫೈಲಿನಲ್ಲಿರಲಿ. ಕ್ಯಾಶ್‌ಲೆಸ್ ಕೋರಿಕೆಗೆ ವಿಮಾ ಕಂಪನಿ ಒಂದು ಗಂಟೆಯೊಳಗೆ ಉತ್ತರಿಸಬೇಕೆಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಹೇಳಿದೆ. ಅಷ್ಟರಲ್ಲಿ ಕೇಳುವ ಮುಂಗಡಕ್ಕೆ ಅಪ್ಪನ ಖಾತೆಯಲ್ಲಿ ಸ್ವಲ್ಪ ಹಣ ಬಿಟ್ಟಿದ್ದೇವೆ.

ವಿದೇಶದಲ್ಲಿರುವ ತಂದೆ ತಾಯಿ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ದೃಢೀಕರಿಸಿಕೊಂಡು ಮೂಲ ಪ್ರತಿಯನ್ನು ಕೊರಿಯರ್ ಮಾಡಬೇಕು. ಅಪೊಸ್ಟಿಲ್ (ಒಂದು ದೇಶದ ದಾಖಲೆ ಇನ್ನೊಂದರಲ್ಲಿ ನಡೆಯಲು ಹಾಕುವ ದೃಢೀಕರಣ) ಒಪ್ಪಂದದ ದೇಶವಾದರೆ ಅಲ್ಲಿಯ ನೋಟರಿ ಮತ್ತು ಅಪೊಸ್ಟಿಲ್ ಕೂಡ ನಡೆಯುತ್ತದೆ. ಹೊರದೇಶದಲ್ಲಿ ಸಹಿಯಾದ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಸ್ಟಾಂಪ್ ಶುಲ್ಕ ಕಟ್ಟಿಸಬೇಕು. ಮಗು ಬೇರೆ ದೇಶದ ಪ್ರಜೆಯಾದರೆ ಪಾಸ್‌ಪೋರ್ಟ್, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡಿನ ನಕಲೂ ಜೊತೆಗಿರಲಿ.

ಇಡುವ ಜಾಗ ಗೋದ್ರೇಜ್ ಬೀರು ಅಲ್ಲ, ಅದರ ಕೀಲಿ ಯಾವಾಗಲೂ ಅಜ್ಜನ ಜೇಬಿನಲ್ಲಿರುತ್ತದೆ. ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೇವೆ. ಮುಖಪುಟದಲ್ಲಿ 108 ಮತ್ತು ನಮ್ಮ ನಂಬರು ದೊಡ್ಡ ಅಕ್ಷರದಲ್ಲಿವೆ. ವಾಟ್ಸಾಪಿನಲ್ಲೂ ಒಂದು ಪ್ರತಿ ಇದೆ, ಆದರೆ ಅದನ್ನೇ ನೆಚ್ಚಿಕೊಂಡಿಲ್ಲ. ಅವಧಿಯನ್ನು ಆರು ತಿಂಗಳಿಗಿಂತ ಹೆಚ್ಚು ಬರೆಯುವುದಿಲ್ಲ, ಹಳೆಯ ದಿನಾಂಕ ಕಂಡರೆ ಕೌಂಟರಿನವರು ಅನುಮಾನಿಸುತ್ತಾರೆ. ಹೊಸದು ಮಾಡಿಸುವಾಗ ತೂಕ, ಔಷಧಿ ಅಳತೆಯನ್ನೂ ತಿದ್ದುತ್ತೇವೆ. ಹಳೆಯ ಪ್ರತಿಯ ಮೇಲೆ ರದ್ದು ಎಂದು ಬರೆದು ವಾಪಸು ತೆಗೆದುಕೊಂಡು, ಆಸ್ಪತ್ರೆಯ ಫೈಲಿನಲ್ಲಿರುವ ನಕಲನ್ನೂ ಬದಲಾಯಿಸುತ್ತೇವೆ.