ಸೂರ್ಯನ ಪಕ್ಕದ ಒಂಬತ್ತು

ಮಗಳಿಗೆ ನಾಲ್ಕು ತುಂಬಿದ ವರ್ಷ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಊಟವಾದ ಮೇಲೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರಪುಸ್ತಕ ತೆರೆಯುತ್ತಿದ್ದೆ; ಆದರೆ ಪ್ರತಿ ಪುಟದಲ್ಲೂ ಕಥೆಯನ್ನು ನಿಲ್ಲಿಸಿ, ‘ಇದು ಯಾವ ಅಕ್ಷರ? ಇದಕ್ಕೆ ಕೊಂಬು ಕೊಟ್ಟರೆ ಏನಾಗುತ್ತದೆ?’ ಎಂದು ಕೇಳುತ್ತಿದ್ದೆ. ಮೂರು ವಾರ ಕಳೆಯುವಷ್ಟರಲ್ಲಿ, ನಾನು ಪುಸ್ತಕ ಕೈಗೆತ್ತಿಕೊಂಡರೆ ಸಾಕು, ಅವಳಿಗೆ ನೀರಡಿಕೆಯಾಗುತ್ತಿತ್ತು, ಇಲ್ಲವೇ ಹೊಟ್ಟೆನೋವು ಬರುತ್ತಿತ್ತು. ಒಂದು ರಾತ್ರಿ ಪುಸ್ತಕವನ್ನು ಮುಚ್ಚಿ, ಅದರ ಮೇಲೆಯೇ ಕುಳಿತು, ‘ಅಮ್ಮಾ, ನೀನು ಬಾಯಿಂದಲೇ ಕಥೆ ಹೇಳು’ ಎಂದಳು.

ಮರುದಿನದಿಂದ ಪ್ರಶ್ನೆ ಕೇಳುವುದನ್ನು ಪೂರ್ತಿಯಾಗಿ ಬಿಟ್ಟೆ. ಕಥೆಯ ನೀತಿಯನ್ನೂ ಕೇಳಲಿಲ್ಲ. ಊಟ ಮುಗಿದು ನಿದ್ದೆ ಬರುವವರೆಗಿನ 20 ನಿಮಿಷ ನಾನು ಓದುವುದು, ಅವಳು ಕೇಳುವುದು, ಫೋನು ಅಡುಗೆಮನೆಯ ಕಟ್ಟೆಯ ಮೇಲಿರುವುದು ಎಂಬುದಷ್ಟೇ ನಮ್ಮ ನಿಯಮವಾಯಿತು. ಅವಳು ಒಂದೇ ಪುಸ್ತಕವನ್ನು ತಿಂಗಳುಗಟ್ಟಲೆ ಓದಿಸಿಕೊಂಡಳು. ನನಗೆ ಬೇಸರವಾಗಿ ಒಂದು ವಾಕ್ಯ ಹಾರಿಸಿದರೆ ಅವಳು ಕೂಡಲೇ ಹಿಡಿಯುತ್ತಿದ್ದಳು.

ಪುಸ್ತಕಗಳನ್ನು ಒದಗಿಸಿಕೊಳ್ಳುವುದು ನಾನು ಎಣಿಸಿದಷ್ಟು ದುಬಾರಿಯಾಗಲಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಓದಿನ ಹಂತಗಳಿಗೆ ತಕ್ಕಂತೆ ವಿಂಗಡಣೆಯಾಗಿವೆ. ಅವು ಮುಕ್ತ ಪರವಾನಗಿಯವಾದ್ದರಿಂದ ಯಾರನ್ನೂ ಕೇಳದೆ ಮುದ್ರಿಸಿಕೊಳ್ಳಬಹುದು; ನಾನು ಮೊದಲ ಹಂತದ ಹತ್ತು ಕಥೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ದಾರ ಹಾಕಿ ಹೊಲಿದೆ. ಆದರೆ ಅನುವಾದಗಳೆಲ್ಲ ಒಂದೇ ಮಟ್ಟದವಲ್ಲ. ಕಥೆಯನ್ನು ಮೊದಲು ನಾನೇ ಗಟ್ಟಿಯಾಗಿ ಓದಿ ನೋಡುತ್ತೇನೆ, ನಾಲಗೆ ಎಡವಿದರೆ ಅದನ್ನು ಬದಿಗಿಡುತ್ತೇನೆ. ಇವುಗಳ ಜೊತೆಗೆ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ತೆಳುವಾದ ಪುಸ್ತಕಗಳು ಸೇರಿದವು. ಎಲ್ಲವನ್ನೂ ಅವಳ ಕೈಗೆಟಕುವಂತೆ, ಮುಖಪುಟ ಕಾಣುವಂತೆ, ಬಿದಿರಿನ ಬುಟ್ಟಿಯಲ್ಲಿಟ್ಟೆ. ಹರಿದರೆ ಹರಿಯಲಿ, ಟೇಪು ಹಚ್ಚಿದರಾಯಿತು. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುವ ನಾವು ಬಡಾವಣೆಯ ಗ್ರಂಥಾಲಯಕ್ಕೂ ಹೋದೆವು. ಅಲ್ಲಿ ಮಕ್ಕಳ ಪುಸ್ತಕಗಳು ಬೀಗ ಹಾಕಿದ ಗಾಜಿನ ಬೀರುವಿನಲ್ಲಿದ್ದವು. ಕಬ್ಬನ್ ಪಾರ್ಕಿನ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯಕ್ಕೆ ಹೋಗಿಬರುವುದೇ ನಮಗೆ ಹಿತವೆನಿಸಿತು.

ಆ ಬೇಸಿಗೆಯಲ್ಲಿ ಧಾರವಾಡದಿಂದ ನನ್ನ ತಾಯಿ ಬಂದರು. ಅವರು ಹೇಳಿದ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಮಗಳು ತನ್ನ ಮಾತಿನಲ್ಲಿ ಮತ್ತೆ ಹೇಳುವಾಗ, ನಾನು ಅದನ್ನು ಇನ್ನೂರು ಪುಟದ ನೋಟುಪುಸ್ತಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡೆ. ‘ಮಳಿ ಬಂತು, ಕಾಗಕ್ಕನ ಸಗಣಿ ಮನಿ ಕರಗಿ ಹೋತು’ ಎಂದು ಅವಳು ಹೇಳಿದ್ದನ್ನು ಹಾಗೆಯೇ ಬರೆದೆ, ‘ಮಳೆ’ ಎಂದಾಗಲಿ ‘ಮನೆ’ ಎಂದಾಗಲಿ ತಿದ್ದಲಿಲ್ಲ. ಹೀಗೆ ಮಾಡಿದರೆ ಮಗುವಿನ ಕನ್ನಡ ಕೆಡುತ್ತದೆಂದು ಬಂಧುಗಳೊಬ್ಬರು ಆಕ್ಷೇಪಿಸಿದರು. ಪುಸ್ತಕದ ಕನ್ನಡವನ್ನು ಅವಳು ದಿನವೂ ಕಿವಿಯಿಂದ ಕೇಳುತ್ತಲೇ ಇದ್ದುದರಿಂದ ನಾನು ಅಂಜಲಿಲ್ಲ. ತನ್ನ ಬಾಯಿಂದ ಬಂದ ಮಾತೇ ಹಾಳೆಯ ಮೇಲೆ ಕುಳಿತಿದೆ ಎಂದು ತಿಳಿದ ಮೇಲೆ, ಯಾರೂ ಕೇಳದಿದ್ದರೂ, ಅವಳು ಆ ನೋಟುಪುಸ್ತಕದ ಸಾಲುಗಳ ಮೇಲೆ ಬೆರಳಾಡಿಸತೊಡಗಿದಳು. ಅವಳು ಸ್ವತಃ ಓದಿದ ಮೊದಲ ಪುಸ್ತಕ ಅದೇ.

ಕಾಗುಣಿತ ದಾಟಿದ ಮೇಲೆ ನಿಜವಾದ ತೊಡಕು ಎದುರಾಯಿತು. ದೊಡ್ಡವರಾದ ನಮಗೆ ಒತ್ತಕ್ಷರದ ಕಷ್ಟ ಮರೆತೇ ಹೋಗಿರುತ್ತದೆ. ಕಕಾರದ ಒತ್ತು ಕಕಾರದಂತೆಯೇ ಕಾಣುತ್ತದೆ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ಹೀಗಾಗಿ ಮಗು ಮೊದಲು ಓದಬಯಸುವ ಅಮ್ಮ, ಅನ್ನ, ಹಲ್ಲು, ಕತ್ತೆ ಎಂಬ ಪದಗಳೇ ಕಠಿಣವಾಗಿಬಿಡುತ್ತವೆ. ಮಗಳು ‘ಕುಸ್ತಿ’ಯನ್ನು ‘ಕುಸಿತ’ ಎಂದು ಓದಿದಾಗ ನಾನು ನಕ್ಕೆ, ಮರುಕ್ಷಣ ನಾಚಿದೆ; ಗುಡಿಸು ಸಕಾರದ ತಲೆಯ ಮೇಲಿದೆ, ತಕಾರ ಅದರ ಕೆಳಗಿದೆ, ಅವಳು ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಓದಿದ್ದಳು. ಇನ್ನೊಂದು ದಿನ ‘ಸೂರ್ಯ’ ಎಂಬಲ್ಲಿ ನಿಂತು, ಅರ್ಕಾವೊತ್ತಿನ ಮೇಲೆ ಬೆರಳಿಟ್ಟು, ‘ಸೂಯ ಒಂಬತ್ತು ಅಂದರೇನು?’ ಎಂದು ಕೇಳಿದಳು. ಶಾಲೆಯಲ್ಲಿ ಕನ್ನಡ ಅಂಕಿಗಳನ್ನು ಕಲಿತಿದ್ದ ಅವಳಿಗೆ ಅದು ಬೇರೆ ಯಾವ ರೀತಿಯಲ್ಲಿ ಕಾಣಬೇಕಿತ್ತು?

ಆಗ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಒತ್ತು ಇರುವ ಪದ ನನ್ನದು, ಉಳಿದದ್ದು ಅವಳದು. ಒಂದೇ ಸಾಲನ್ನು ಹಂಚಿಕೊಂಡು ಓದುವಾಗ ಕಥೆ ನಿಲ್ಲುತ್ತಿರಲಿಲ್ಲ, ತಪ್ಪು ಹಿಡಿಯುವ ಪ್ರಸಂಗವೂ ಬರುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಅಕ್ಕ, ಅಜ್ಜಿ, ಬೆಕ್ಕು ಮುಂತಾದ ಸಜಾತೀಯ ಒತ್ತಿನ ಪದಗಳನ್ನು ನನಗಿಂತ ಮೊದಲೇ ಹೇಳಿ ಕಸಿದುಕೊಳ್ಳತೊಡಗಿದಳು. ವಿಜಾತೀಯ ಒತ್ತುಗಳು ಕೈವಶವಾಗಲು ಇನ್ನೂ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ‘ಸೂರ್ಯ’ ಮಾತ್ರ ನಮ್ಮ ಮನೆಯಲ್ಲಿ ಇಂದಿಗೂ ‘ಸೂಯ ಒಂಬತ್ತು’.

ಈಗ ಅವಳಿಗೆ ಎಂಟು ವರ್ಷ. ನಾನು ಆರಿಸಿಕೊಟ್ಟ ಪುಸ್ತಕ ಅವಳಿಗೆ ಹಿಡಿಸುವುದಿಲ್ಲ, ಅವಳೇ ಆರಿಸಬೇಕು. ಮೂರು ವರ್ಷದ ಮಗನ ಮೇಲೆ ಇದೇ ಕ್ರಮವನ್ನು ಪ್ರಯೋಗಿಸಿದರೆ ಅವನು ತೊಡೆಯ ಮೇಲೆ ಒಂದು ನಿಮಿಷವೂ ಕೂರುವುದಿಲ್ಲ; ಕಾರು ಉರುಳಿಸುತ್ತ ಮಂಚದ ಕೆಳಗೆ ಹೋಗಿಬಿಡುತ್ತಾನೆ. ಮೊದಮೊದಲು ಪುಸ್ತಕ ಮುಚ್ಚಿಡುತ್ತಿದ್ದೆ, ಈಗ ಖಾಲಿ ಹಾಸಿಗೆಗೆ ಓದಿ ಹೇಳುವವಳಂತೆ ಓದುತ್ತಲೇ ಇರುತ್ತೇನೆ. ಮೊನ್ನೆ ಸುಸ್ತಾಗಿ ಎರಡು ಪುಟಗಳನ್ನು ಒಟ್ಟಿಗೆ ಮಗುಚಿದಾಗ ಮಂಚದ ಕೆಳಗಿನಿಂದ ಧ್ವನಿ ಬಂತು: ‘ಅಮ್ಮಾ, ಮೊಸಳೆ ಬಿಟ್ಟೆ.’