ಹೊಸ ಟ್ಯಾಂಕ್ ಕಟ್ಟಿಸಲಿಲ್ಲ, ಕಾಲೋನಿಗೆ ನೀರು ಕೊಟ್ಟೆವು

ಗ್ರಾಮ ಪಂಚಾಯ್ತಿಗೆ ಹೊಸದಾಗಿ ಗೆದ್ದು ಬಂದವರೆಲ್ಲ ಕೇಳುವ ಮೊದಲ ಮಾತು ‘ಈ ಸಲ ಗ್ರಾಂಟ್ ಎಷ್ಟು ಬಂದಿದೆ?’ ಅಂತ. ನನ್ನ ಕೇಳಿದರೆ ಮೊದಲು ವಿಚಾರಿಸಬೇಕಾದ್ದು ‘ಮನೆ ಕಂದಾಯ ಎಷ್ಟು ಬಾಕಿ ಇದೆ?’ ಎಂದು. 2020ರ ಡಿಸೆಂಬರ್ ಚುನಾವಣೆಯಲ್ಲಿ ಮಹಿಳಾ ಮೀಸಲಿನಲ್ಲಿ ಗೆದ್ದು, ಮೊದಲ ಮೂವತ್ತು ತಿಂಗಳ ಅವಧಿಗೆ ಅಧ್ಯಕ್ಷೆಯಾಗಿದ್ದೆ. ನಮ್ಮದು ತುಮಕೂರು ಜಿಲ್ಲೆಯ ಬಯಲುಸೀಮೆಯ ಪಂಚಾಯ್ತಿ. ಕೊಳವೆಬಾವಿ ಬಿಟ್ಟರೆ ಬೇರೆ ನೀರಿಲ್ಲ.

ಹೊಸದು ಕಟ್ಟುವುದಕ್ಕೆ ದುಡ್ಡು ಹೇಗೋ ಬರುತ್ತದೆ. ನನ್ನ ಅವಧಿಯಲ್ಲಿ ಚರಂಡಿಗೆ ಉದ್ಯೋಗ ಖಾತರಿಯ ನರೇಗಾ, ನಲ್ಲಿಗೆ ಜಲಜೀವನ್ ಮಿಷನ್, ಸಮುದಾಯ ಭವನಕ್ಕೆ ಶಾಸಕರ ನಿಧಿ ಇದ್ದವು. ಕಟ್ಟಿದ್ದನ್ನು ಕಾಯುವುದಕ್ಕೆ ಮಾತ್ರ ಯಾರೂ ಯೋಜನೆ ಮಾಡುವುದಿಲ್ಲ, ಅದಕ್ಕೆ ಉದ್ಘಾಟನೆಯೂ ಇಲ್ಲವಲ್ಲ. ಆಗ ಕೇಂದ್ರದಿಂದ ಬರುತ್ತಿದ್ದ 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಹಾಕಬೇಕಿತ್ತು. ಉಳಿದ 40ರಲ್ಲಿ ಯಾರಿಗೂ ಸಂಬಳ ಕೊಡುವ ಹಾಗಿರಲಿಲ್ಲ. ಅದೂ ಕಂತಿನಲ್ಲಿ ಬರುತ್ತಿತ್ತು, ಕ್ರಿಯಾಯೋಜನೆಗೆ ಸೇರಬೇಕಿತ್ತು, ಮಂಜೂರಾಗಬೇಕಿತ್ತು. ಏಪ್ರಿಲ್ ಬಿಸಿಲಿನಲ್ಲಿ ಮೋಟಾರ್ ಸುಟ್ಟರೆ ಜನ ಮಂಜೂರಾತಿಗೆ ಕಾಯುತ್ತಾರೆಯೇ? ಸಂಜೆಯೊಳಗೆ ಪೈಪ್ ಎತ್ತಿಸಿ ವೈಂಡಿಂಗ್‌ಗೆ ಕಳಿಸಬೇಕು. ಆ ಹೊತ್ತಿಗೆ ಕೈಗೆ ಸಿಗುವುದು ಊರವರು ಕಟ್ಟಿದ ಕಂದಾಯ ಮಾತ್ರ.

ಹಾಗಾಗಿ ಕಂದಾಯದಿಂದ ಶುರು ಮಾಡಿದೆವು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೂರಿಸಿಕೊಂಡು ಬಾಕಿ ಪಟ್ಟಿ ತೆಗೆಸಿದಾಗ ಮೊದಲ ಪುಟದಲ್ಲೇ ಮೂರು ನಾಲ್ಕು ಮೆಂಬರುಗಳ ಹೆಸರಿತ್ತು. ಅದನ್ನು ಸಭೆಯಲ್ಲಿ ಓದಲಿಲ್ಲ, ಒಬ್ಬೊಬ್ಬರನ್ನೇ ಕರೆದು ತೋರಿಸಿದೆ. ಅವರೆಲ್ಲ ಕಟ್ಟಿ ರಸೀದಿ ಪಡೆದ ಮೇಲೆಯೇ ಬಿಲ್ ಕಲೆಕ್ಟರ್ ಬೀದಿಗಿಳಿದದ್ದು. ಇಲ್ಲದಿದ್ದರೆ ಮೊದಲ ಮನೆಯಲ್ಲೇ ‘ನಿಮ್ಮ ಮೆಂಬರ್ ಕಟ್ಟವ್ರಾ?’ ಅಂತ ಕೇಳಿ ವಾಪಸ್ ಕಳಿಸುತ್ತಿದ್ದರು. ಇ-ಸ್ವತ್ತಿನಲ್ಲಿ ಆಸ್ತಿ ದಾಖಲೆಯಾದ ನಮೂನೆ 9, 11 ಬೇಕಾದವರು ಹಳೆಬಾಕಿ ತೀರಿಸಿಯೇ ತೀರಿಸುತ್ತಾರೆ, ಬ್ಯಾಂಕ್ ಸಾಲಕ್ಕೋ ಕ್ರಯಕ್ಕೋ ಅದು ಬೇಕೇಬೇಕು. ಕಷ್ಟ ಇರುವುದು ಏನನ್ನೂ ಮಾರದ, ಸಾಲ ಕೇಳದ ಮನೆಗಳದ್ದು. ಅವರಿಗೆಂದು ಪಂಚಾಯ್ತಿ ಗೋಡೆಯ ಕಪ್ಪುಹಲಗೆ ಮೇಲೆ ತಿಂಗಳ ಲೆಕ್ಕ ಬರೆಸತೊಡಗಿದೆವು: ಬಂದ ಕಂದಾಯ ಇಷ್ಟು, ಮೋಟಾರ್ ರಿಪೇರಿಗೆ ಇಷ್ಟು, ಬ್ಲೀಚಿಂಗ್ ಪೌಡರ್‌ಗೆ ಇಷ್ಟು. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಲೆಕ್ಕ ಒಪ್ಪಿಸುತ್ತೇವೆ ನಿಜ, ಆದರೆ ಡೈರಿಗೆ ಹಾಲು ಹಾಕಲು ಬಂದವರು ನಿಂತು ಓದಿದ್ದು ಈ ಹಲಗೆಯನ್ನು. ತಪ್ಪಿದ್ದರೆ ಅಲ್ಲೇ ಕೂಗಿ ಹೇಳುತ್ತಿದ್ದರು.

ಈಗ ನೀರಿನ ವಿಚಾರ. ಊರಿಗೊಂದು ಓವರ್‌ಹೆಡ್ ಟ್ಯಾಂಕ್, ಅದರಿಂದ ಇಳಿಯುವ ಒಂದೇ ಲೈನ್. ಅದು ದೇವಸ್ಥಾನದ ಬೀದಿ, ಅಂಗಡಿ ಬೀದಿ ದಾಟಿ ಕೊನೆಗೆ ಕಾಲೋನಿಗೆ ಹೋಗುತ್ತದೆ. ಮೇಲಿನ ಬೀದಿಗಳಲ್ಲಿ ನಲ್ಲಿಗೇ ಮೋಟಾರ್ ಹಚ್ಚಿ ಎಳೆಯುವವರು ಬೇಕಾದಷ್ಟು ಜನ. ಕೊನೆಮನೆಗೆ ಬರುವಷ್ಟರಲ್ಲಿ ನಲ್ಲಿಯಲ್ಲಿ ಗಾಳಿ. ಎಲ್ಲರ ಬಾಯಲ್ಲೂ ಒಂದೇ ಪರಿಹಾರ: ಕಾಲೋನಿಗೆ ಬೇರೆ ಟ್ಯಾಂಕ್ ಕಟ್ಟಿಸಿ. ಅಂದಾಜುಪಟ್ಟಿಯೂ ತಯಾರಾಗಿತ್ತು. ನೀರೇ ಸಾಲದೆ ಇದ್ದರೆ ಎರಡು ಟ್ಯಾಂಕಿಗೆ ತುಂಬುವುದೇನನ್ನು ಎಂದು ಯಾರೂ ಕೇಳಿರಲಿಲ್ಲ.

ಊರಿಗೆ ನೀರು ಬಿಡುವ ನೀರಗಂಟಿಯ ಜೊತೆ ಬೆಳಿಗ್ಗೆ ಲೈನ್ ಉದ್ದಕ್ಕೂ ನಡೆದೆ. ಎಲ್ಲೆಲ್ಲಿ ವಾಲ್ ಇದೆ ಎನ್ನುವುದು ಅವರ ತಲೆಯಲ್ಲಿ ಮಾತ್ರ ಇತ್ತು, ಕಾಗದದ ಮೇಲೆ ಎಲ್ಲೂ ಇಲ್ಲ. ಅಂಗಡಿ ಬೀದಿ ತಿರುವಿನಲ್ಲಿ ಕಲ್ಲು ಚಪ್ಪಡಿ ಎತ್ತಿದರೆ ಗುಂಡಿ ತುಂಬ ಗುಟ್ಕಾ ಚೀಟಿ, ಮಣ್ಣು, ಕೊಳಚೆ. ಒಳಗಿದ್ದ ವಾಲ್‌ನ ತಿರುಪು ತುಕ್ಕು ಹಿಡಿದು ಅರ್ಧಕ್ಕೇ ನಿಂತಿತ್ತು. ಕಬ್ಬಿಣದ ಕೀ ಹಾಕಿ ಇಬ್ಬರು ತಿರುಗಿಸಿದರೂ ಅಲುಗಲಿಲ್ಲ. ಅಂದರೆ ಅಂಗಡಿ ಬೀದಿಯನ್ನು ಬಂದ್ ಮಾಡಿ ಕಾಲೋನಿಗೆ ನೀರು ಬಿಡುವುದು ನೀರಗಂಟಿ ಮನಸ್ಸು ಮಾಡಿದರೂ ಆಗುತ್ತಿರಲಿಲ್ಲ. ಅಷ್ಟು ವರ್ಷ ಬೈಸಿಕೊಂಡದ್ದು ಮಾತ್ರ ಅವರೇ.

ವಾಲ್ ಬದಲಿಸಿದೆವು, ಗುಂಡಿಗೆ ಇಟ್ಟಿಗೆ ಕಟ್ಟಿ ಬೀಗದ ಮುಚ್ಚಳ ಹಾಕಿಸಿದೆವು. ಆಮೇಲೆ ಸರದಿ ತಿರುಗಿಸಿದೆವು. ಟ್ಯಾಂಕ್ ತುಂಬಿದಾಗ ಒತ್ತಡ ಜಾಸ್ತಿ, ಆಗಲೇ ಕಾಲೋನಿ ವಾಲ್ ತೆರೆಯುವುದು. ಟ್ಯಾಂಕ್ ಇಳಿದ ಮೇಲೆ ಹತ್ತಿರದ ಬೀದಿಗಳಿಗೆ, ಅವಕ್ಕೆ ಕಡಿಮೆ ಒತ್ತಡವೂ ಸಾಕು. ಜಲಜೀವನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್, ಅಂದರೆ ಒಂದು ನೀಲಿ ಡ್ರಮ್ ತುಂಬಿ ಮೇಲೆ ಐದು ಕೊಡ. ಕಾಲೋನಿಯ ಕೊನೆಮನೆ ನಲ್ಲಿಗೆ ಕೊಡ ಇಟ್ಟು, ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ಮೊಬೈಲಿನಲ್ಲಿ ನೋಡಿ, ಅದರ ಮೇಲೆ ವಾಲ್ ತೆರೆದಿಡುವ ಸಮಯ ಗೊತ್ತು ಮಾಡಿದೆವು. ಆ ಮನೆಯ ಅಜ್ಜಿಗೇ ಉಸ್ತುವಾರಿ. ನೀರು ಸಣ್ಣಗಾದರೆ ಮೊಮ್ಮಗನ ಕೈಲಿ ಫೋನ್ ಮಾಡಿಸುತ್ತಿದ್ದರು, ಹೊತ್ತಿಲ್ಲ ಗೊತ್ತಿಲ್ಲ.

ಜಗಳ ಬಂದದ್ದು ನಲ್ಲಿ ಮೋಟಾರುಗಳದ್ದು. ಗ್ರಾಮಸಭೆಯಲ್ಲಿ ಠರಾವು ಮಾಡಿ, ಡಂಗುರ ಸಾರಿಸಿ, ಆಮೇಲೆ ಬಿಚ್ಚಿಸತೊಡಗಿದೆವು. ಬಿಚ್ಚಿದ ಮೊದಲನೆಯದು ನಮ್ಮ ಮನೆಯವರ ಕಡೆಯ ನೆಂಟರದ್ದೇ. ‘ಅಕ್ಕ, ನೀವು ನಮ್ಮೋರಾಗಿ ಹಿಂಗ್ ಮಾಡುದ್ರೆ ಹೆಂಗೆ?’ ಅಂತ ಬಾಗಿಲಿಗೆ ಬಂದರು. ದಂಡ ಕಟ್ಟಿ ಬಿಡಿಸಿಕೊಂಡು ಹೋಗಿ ಅಂದೆ. ಒಂದು ವರ್ಷ ಮಾತಾಡಲಿಲ್ಲ. ಆದರೆ ಅದಾದ ಮೇಲೆ ಬಹಳ ಜನ ತಾವಾಗೇ ಬಿಚ್ಚಿಟ್ಟರು.

ಜಲಜೀವನ್ ಕಾಮಗಾರಿಯಲ್ಲಿ ಇನ್ನೊಂದು ತಾಪತ್ರಯ. ಪೈಪ್ ಹಾಕಲು ಕಾಂಕ್ರೀಟ್ ರಸ್ತೆ ಕೊಯ್ದ ಗುತ್ತಿಗೆದಾರ ಮಣ್ಣು ತಳ್ಳಿ ಹೊರಟ. ಎಷ್ಟು ಫೋನ್ ಮಾಡಿದರೂ ‘ನಾಳೆ ಬರ್ತೀನಿ ಮೇಡಂ’. ಕಾಮಗಾರಿಯನ್ನು ಪಂಚಾಯ್ತಿ ವಶಕ್ಕೆ ಪಡೆಯುವ ಹಸ್ತಾಂತರ ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದು ನಿಂತದ್ದೇ ಆತ ಬಂದ, ರಸ್ತೆ ಸರಿಮಾಡಿದ. ಪಂಚಾಯ್ತಿಯ ಕೈಯಲ್ಲಿ ಇಂಥ ಕೆಲವು ಹಿಡಿತಗಳಿವೆ, ಬಿಟ್ಟುಕೊಡಬಾರದು. ಹೊಸ ಅಧ್ಯಕ್ಷೆಯರಿಗೆ ಇದೇ ಸಾಲಿನಲ್ಲಿ ಇನ್ನೊಂದು ಕಿವಿಮಾತು: ಬಿಲ್ ಪಾವತಿಗೆ ಡಿಜಿಟಲ್ ಸಹಿ ಹಾಕುವ ಡಾಂಗಲ್ ನಿಮ್ಮ ಹತ್ತಿರವೇ ಇರಲಿ, ಗಂಡನ ಜೇಬಿನಲ್ಲಲ್ಲ.

ಕೊಳವೆಬಾವಿ ಪಕ್ಕದ, ದನಕರು ನೀರು ಕುಡಿಯುವ ಗೋಕಟ್ಟೆಯ ಹೂಳನ್ನು ನರೇಗಾದಲ್ಲಿ ತೆಗೆಸಿದೆವು. ಕೂಲಿ 2021-22ರಲ್ಲಿ ದಿನಕ್ಕೆ 289 ರೂಪಾಯಿ, ಮರುವರ್ಷ 309. ಬಂದವರಲ್ಲಿ ಹೆಂಗಸರೇ ಹೆಚ್ಚು, ಹೂಳನ್ನು ಹೊಲದವರು ತಾವೇ ಟ್ರ್ಯಾಕ್ಟರ್ ತಂದು ಹೊಡೆದುಕೊಂಡರು. 2022ರಲ್ಲಿ ಗೋಕಟ್ಟೆ ಕೋಡಿ ಬಿತ್ತು, ನಿಂತುಹೋಗಿದ್ದ ಬೋರಿನಲ್ಲಿ ನೀರು ಬಂತು. ನಮ್ಮಿಂದಲೇ ಆಯಿತೆಂದು ಭಾಷಣ ಮಾಡಿದವರೂ ಇದ್ದಾರೆ, ಆದರೆ ಆ ವರ್ಷದ ಮಳೆಗೆ ಜಿಲ್ಲೆಯಲ್ಲಿ ಹೂಳು ತೆಗೆಯದ ಕೆರೆಗಳೂ ತುಂಬಿದ್ದವು.

ಕಸದ ಗಾಡಿಯ ವಿಷಯದಲ್ಲಿ ಸುತ್ತೋಲೆ ಹೇಳಿದ್ದಕ್ಕಿಂತ ಸ್ವಲ್ಪ ಬೇರೆ ದಾರಿ ಹಿಡಿದೆವು. ಹಳ್ಳಿಯಲ್ಲಿ ಹಸಿಕಸ ಗಾಡಿ ಹತ್ತುವುದೇ ಇಲ್ಲ, ಹಸು ತಿಂದು ಮಿಕ್ಕಿದ್ದು ತಿಪ್ಪೆಗೆ. ಅದಕ್ಕೆ ಸಂಜೀವಿನಿ ಸಂಘದ ಹೆಣ್ಣುಮಕ್ಕಳು ಓಡಿಸುವ ಸ್ವಚ್ಛವಾಹಿನಿ ಒಣಕಸ ಮಾತ್ರ ಒಯ್ಯಲಿ, ವಾರಕ್ಕೆರಡು ಸಲ ಸಾಕು ಎಂದೆವು. ಡೀಸೆಲ್ ಉಳಿಯಿತು. ಮಕ್ಕಳ ಡೈಪರ್‌ಗೆ ಮಾತ್ರ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಗ್ರಾಮಸಭೆಗೆ ಜನ ಬರುವುದು ಸರ್ಕಾರಿ ಮನೆ ಯಾರಿಗೆ ಎನ್ನುವ ಮನೆ ಪಟ್ಟಿಗೆ. ಹೆಸರು ಓದಿದ ತಕ್ಷಣ ಎದ್ದು ಹೋಗುತ್ತಾರೆ. ನಾವು ಖರ್ಚಿನ ಲೆಕ್ಕ, ನೀರಿನ ಸರದಿ ಮೊದಲಿಟ್ಟು ಮನೆ ಪಟ್ಟಿಯನ್ನು ಕಟ್ಟಕಡೆಗೆ ತಳ್ಳಿದೆವು. ಗೊಣಗಿಕೊಂಡಾದರೂ ಕೂತು ಕೇಳಿದರು, ಕೂತ ಮೇಲೆ ಪ್ರಶ್ನೆಯನ್ನೂ ಕೇಳಿದರು.

ಬೀದಿದೀಪಗಳು ಹಗಲೂ ಉರಿಯುತ್ತಿದ್ದವು, ಅವಕ್ಕೆ ಬೇರೆ ಸ್ವಿಚ್ಚೇ ಇರಲಿಲ್ಲ. ಬೇರೆ ವೈರ್ ಎಳೆಸಿ ಟೈಮರ್ ಹಾಕಿಸಿದ ಮೇಲೆ ತಿಂಗಳ ಬಿಲ್ ಇಳಿಯಿತು. ಹಿಂದಿನವರ ಕಾಲದಿಂದ ಬೆಳೆದುಬಂದ ವಿದ್ಯುತ್ ಬಾಕಿ ಮತ್ತು ಅದರ ಬಡ್ಡಿ ಮಾತ್ರ ಹಾಗೇ ಉಳಿಯಿತು. ಬಡ್ಡಿ ಬಿಟ್ಟರೆ ಅಸಲನ್ನು ಕಂತಿನಲ್ಲಿ ಕಟ್ಟುತ್ತೇವೆ ಎಂದು ಬರೆದ ಪತ್ರಕ್ಕೆ ನನ್ನ ಅವಧಿ ಮುಗಿಯುವವರೆಗೂ ಉತ್ತರ ಬರಲಿಲ್ಲ. ನಂತರ ಬಂದ ಅಧ್ಯಕ್ಷರಿಗೆ ವಾಲ್‌ಗಳ ನಕ್ಷೆ, ಬೀಗದ ಕೈ ಗೊಂಚಲು, ಆ ಪತ್ರದ ನಕಲು ಮೂರನ್ನೂ ಒಟ್ಟಿಗೆ ಕೊಟ್ಟು ಬಂದೆ.